ಅಮ್ಮನ ಕಿವಿ, ನನ್ನ ನೆಟ್‌ವರ್ಕ್

ಪದ್ಮನಾಭನಗರದ ನಮ್ಮ ರಸ್ತೆಯಲ್ಲಿ ಯಾರಿಗೆ ಹೊಸ ಫೋನು ಬೇಕಾದರೂ ಮೊದಲು ನನ್ನನ್ನು ಕೇಳುತ್ತಾರೆ. ನಾನೇನು ಸಾಫ್ಟ್‌ವೇರಿನವನಲ್ಲ. ಬೊಮ್ಮನಹಳ್ಳಿಯ ಗಾರ್ಮೆಂಟ್ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೂತು ಕೆಲಸ ಮಾಡುವವನು. ಆದರೆ ಫೋನು, ರೌಟರು, ಇಯರ್‌ಬಡ್ಸು ಅಂದರೆ ನನಗೆ ಹುಚ್ಚು. ಬೆಳಗ್ಗೆ ಕಾಫಿ ಕುಡಿಯುತ್ತಾ ಬೇರೆಯವರು ಪೇಪರ್ ಓದುವ ಹೊತ್ತಿನಲ್ಲಿ ನಾನು ಯಾವುದೋ ಹೊಸ ಫೋನಿನ ಬ್ಯಾಟರಿಯ ಬಗ್ಗೆ ಓದುತ್ತಿರುತ್ತೇನೆ. ಇದಕ್ಕೆ ನನ್ನ ಹೆಂಡತಿ ಇಟ್ಟ ಹೆಸರು "ಇವರ ಸಹಸ್ರನಾಮ".

ಅಭಿಪ್ರಾಯಕ್ಕೆ ನನ್ನಲ್ಲಿ ಬರವಿಲ್ಲ. ಫೋನಿನ ಬೆನ್ನ ಮೇಲೆ ನಾಲ್ಕು ಕ್ಯಾಮೆರಾ ಇದ್ದರೆ ಅದರಲ್ಲಿ ಎರಡು ಆಟಕ್ಕುಂಟು ಲೆಕ್ಕಕ್ಕಿಲ್ಲ. ಸ್ಮಾರ್ಟ್ ವಾಚ್ ಕಟ್ಟಿಕೊಂಡವರಲ್ಲಿ ಅರ್ಧ ಜನ ನಡೆಯುವುದಿಲ್ಲ, ಸೋಫಾದಲ್ಲಿ ಕೂತು ಕೈ ಆಡಿಸಿ ಹೆಜ್ಜೆ ಸಂಪಾದಿಸುತ್ತಾರೆ. ಅನ್‌ಲಿಮಿಟೆಡ್ ಪ್ಯಾಕಿಗೂ ಒಂದು ಲಿಮಿಟ್ ಇರುತ್ತದೆ, ಅದನ್ನು ಓದುವುದಕ್ಕೆ ಭೂತಗನ್ನಡಿ ಬೇಕು. ಇನ್ನು ಫೈವ್ ಜಿ. ಜಯನಗರದ ಫುಟ್‌ಪಾತಿನ ಮೇಲೆ ಅದು ಕುದುರೆಯ ಹಾಗೆ ಓಡುತ್ತದೆ. ನಮ್ಮ ಮನೆಗೆ ಬಂದರೆ ಮಾತ್ರ ಮಡಿವಂತರ ಮನೆಗೆ ಬಂದಂತೆ ಬಾಗಿಲಾಚೆಯೇ ನಿಂತುಬಿಡುತ್ತದೆ. ಇದನ್ನೆಲ್ಲ ನಾನು ಪಾರ್ಕಿನಲ್ಲಿ ವಾಕಿಂಗ್ ಮಾಡುವವರಿಗೆ ಕೇಳಲಿ ಬಿಡಲಿ ಹೇಳುತ್ತೇನೆ.

ಇಷ್ಟೆಲ್ಲ ಗೊತ್ತಿದ್ದ ನನ್ನ ಮನೆಯಲ್ಲೇ ಕಳೆದ ವರ್ಷ ಅಮ್ಮನಿಗೆ ಫೋನ್ ಕೇಳಿಸದಾಯಿತು.

ಅಮ್ಮ ಸಂಗೀತ ಹೇಳಿಕೊಡುತ್ತಾಳೆ. ದೊಡ್ಡ ವಿದುಷಿಯೇನಲ್ಲ, ವೇದಿಕೆ ಹತ್ತಿದವಳೂ ಅಲ್ಲ. ಆದರೆ ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಡುಮನೆಯಲ್ಲಿ ಚಾಪೆ ಹಾಸಿ ಅಕ್ಕಪಕ್ಕದ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಲೇ ಬಂದಿದ್ದಾಳೆ. ಲಾಕ್‌ಡೌನಿನಲ್ಲಿ ಪಾಠ ಫೋನಿಗೆ ಬಂತು, ಆಮೇಲೆ ಅಲ್ಲೇ ಉಳಿಯಿತು. ಈ ಟ್ರಾಫಿಕ್ಕಿನಲ್ಲಿ ಒಂದು ದೇವರನಾಮಕ್ಕೋಸ್ಕರ ಯಾರು ತಾನೇ ಬರುತ್ತಾರೆ? ಸಂಜೆ ಅವಳು ಕುರ್ಚಿಯಲ್ಲಿ ಕೂತು, ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ತೊಡೆ ಮೇಲೆ ತಾಳ ಹಾಕುತ್ತಿದ್ದಳು. ಸ್ಪೀಕರಿಗೆ ಹಾಕು ಅಂದರೆ ಒಪ್ಪುತ್ತಿರಲಿಲ್ಲ. "ಪಾಠ ಅನ್ನೋದು ಕಿವಿಯಿಂದ ಕಿವಿಗೆ ಕಣೋ. ನನ್ ಶಿಷ್ಯೆ ತಪ್ಪು ಹಾಡೋದನ್ನ ಪಕ್ಕದ್ಮನೆಯವ್ರು ಯಾಕೆ ಕೇಳ್ಬೇಕು?" ನನ್ನ ಇಯರ್‌ಬಡ್ಸ್ ಕೊಟ್ಟರೆ, ಕಿವಿಗೆ ಕಡ್ಲೆಕಾಯಿ ತುರುಕಿದ ಹಾಗಾಗುತ್ತೆ ಅಂದಳು.

ಅವಳ ಹೊಸ ಫೋನು ನಾನೇ ಆರಿಸಿ ತಂದದ್ದು. ಹಬ್ಬಕ್ಕೆ ಮುಂಚೆ ಬಂತು, ನವರಾತ್ರಿಯಲ್ಲಿ ಮನೆಗೆ ಬಂದವರಿಗೆಲ್ಲ ಅಮ್ಮ ಅದನ್ನು ತೋರಿಸಿದ್ದೂ ಆಯಿತು. ಹಬ್ಬ ಮುಗಿದ ಮೇಲೆ ತಕರಾರು ಶುರುವಾಯಿತು. "ಯಾಕೋ ದೂರದಲ್ಲಿ ಹಾಡಿದ ಹಾಗಿದೆ ಕಣೋ. ಸ್ವರ ಬಿಡಿಸಿ ಕೇಳಿಸ್ತಿಲ್ಲ" ಅಂದಳು.

ನನಗೆ ಕಾರಣ ಹುಡುಕುವ ಕಷ್ಟವೇ ಇರಲಿಲ್ಲ. ಫೋನು ನಾನು ಆರಿಸಿದ್ದು, ಆದ್ದರಿಂದ ಫೋನಿನಲ್ಲಿ ತಪ್ಪಿರಲು ಸಾಧ್ಯವಿಲ್ಲ. ಹಾಗಾದರೆ ನೆಟ್‌ವರ್ಕು. ಕಂಪನಿಗೆ ಕರೆ ಮಾಡಿದೆ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹೇಳಿ, ಸಂಗೀತ ಹಾಕಿ ಕೂರಿಸಿದರು. ಕೊನೆಗೆ ಬಂದ ಹುಡುಗಿ, "ನಿಮ್ಮ ಏರಿಯಾದಲ್ಲಿ ಟವರ್ ಕೆಲಸ ನಡೀತಿದೆ ಸಾರ್" ಅಂದಳು. ಈ ಟವರ್ ಕೆಲಸ ನಾನು ಕೇಳಿದಾಗಲೆಲ್ಲ ನಡೆಯುತ್ತಲೇ ಇರುತ್ತದೆ. ರೇಗಿಹೋಗಿ ಅಮ್ಮನ ನಂಬರನ್ನು ಬೇರೆ ಕಂಪನಿಗೆ ಬದಲಾಯಿಸಿದೆ. ಕತ್ರಿಗುಪ್ಪೆಯ ಅಂಗಡಿಯಲ್ಲಿ ಫೋಟೋ ತೆಗೆಯುತ್ತಾರೆ ಅಂತ ಅಮ್ಮ ಹೂ ಮುಡಿದು, ಒಳ್ಳೆ ಸೀರೆ ಉಟ್ಟುಕೊಂಡು ಬಂದಿದ್ದಳು. ಹೊಸ ಸಿಮ್ಮು ಬಂತು, ಸಿಗ್ನಲ್ ಕಡ್ಡಿಗಳು ತುಂಬಿ ನಿಂತವು. "ಕಡ್ಡಿ ಕಾಣ್ತಿದೆ, ಧ್ವನಿ ಇಲ್ಲ" ಅಂದಳು ಅಮ್ಮ.

ಆಮೇಲೆ ವೈಫೈ ಮೂಲಕವೇ ಕರೆ ಹೋಗುವ ಹಾಗೆ ಮಾಡಿದೆ. ಹೊಸ ರೌಟರ್ ತಂದು ನಡುಮನೆಯ ಬೀರುವಿನ ಮೇಲೆ ಕೂರಿಸಿದೆ. ಕಂಬಿಗಳನ್ನು ಮೇಲೆತ್ತಿ ಕೂತ ಅದನ್ನು ನೋಡಿ ಹೆಂಡತಿ, "ಜಿರಳೆ ಅಂಗಾತ ಬಿದ್ದಂಗಿದೆ, ಆರತಿ ಎತ್ತಲಾ?" ಅಂತ ಕೇಳಿದಳು. ಅದರಿಂದಲೂ ಏನೂ ಆಗಲಿಲ್ಲ.

ಕೊನೆಗೆ, ಇರಲಿ ಎಂದು ಫೋನನ್ನೂ ಪರೀಕ್ಷೆ ಮಾಡಿದೆ. ನನ್ನ ಇಯರ್‌ಬಡ್ಸ್ ಜೋಡಿಸಿ ಹೆಂಡತಿಗೆ ಕರೆ ಮಾಡಿದೆ, ಗಂಟೆ ಹೊಡೆದ ಹಾಗೆ ಕೇಳಿಸಿತು. ಸ್ಪೀಕರಿಗೆ ಹಾಕಿದೆ, ಬೀದಿಗೆಲ್ಲ ಕೇಳಿಸಿತು. ಫೋನು ನಿರ್ದೋಷಿ ಎಂದು ತೀರ್ಪು ಕೊಟ್ಟೆ. ಆ ತೀರ್ಪಿನ ಅರ್ಥವೇನು ಎಂದು ಹೊಳೆದದ್ದು ಅಮ್ಮನ ಮುಖ ನೋಡಿದಾಗ. ಫೋನು ಸರಿಯಾಗಿದ್ದರೆ, ನೆಟ್‌ವರ್ಕ್ ಸರಿಯಾಗಿದ್ದರೆ, ಉಳಿದದ್ದು ಅವಳ ಕಿವಿ ಒಂದೇ.

ನನ್ನ ಅಜ್ಜಿ, ಅಂದರೆ ಅಮ್ಮನ ತಾಯಿ, ಕೊನೆಯ ವರ್ಷಗಳಲ್ಲಿ ಪೂರ್ತಿ ಕಿವುಡಾಗಿದ್ದರು. ಅವರೂ ಹಾಡುತ್ತಿದ್ದವರು. ಕಿವಿ ಹೋದ ಮೇಲೂ ಹಾಡುತ್ತಿದ್ದರು, ಶ್ರುತಿ ಎಲ್ಲೋ, ಹಾಡು ಎಲ್ಲೋ. ಮಕ್ಕಳಾದ ನಾವು ನಗುತ್ತಿದ್ದೆವು, ಅಮ್ಮ ನಗುತ್ತಿರಲಿಲ್ಲ. ಅಂದು ಅಮ್ಮ ಫೋನನ್ನು ಮೇಜಿನ ಮೇಲಿಟ್ಟು, ತುಂಬ ಸಾಧಾರಣವಾಗಿ, "ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು. ಸಂಕ್ರಾಂತಿ ಕಳೀಲಿ, ಪಾಠ ನಿಲ್ಲಿಸ್ಬಿಡ್ತೀನಿ" ಅಂದಳು. ಸ್ಪೀಕರಿಗಾದರೂ ಹಾಕಿಕೋ ಎಂದರೆ, "ಕಿವಿ ಹೋಗಿದೆ ಅಂತ ಊರಿಗೆಲ್ಲ ಡಂಗೂರ ಹೊಡೀಲಾ?" ಎಂದು ಒಳಗೆ ಹೋದಳು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಮಿಕ್ಸಿ ಓಡುವಾಗ ಅಮ್ಮ ಏನಂದೆ ಅಂತ ಕೇಳಿದರೂ ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಟಿವಿ ಸ್ವಲ್ಪ ಜೋರಾದರೆ ಎದೆ ಧಸಕ್ ಅನ್ನುತ್ತಿತ್ತು. ನಮಗೆ ಗೊತ್ತಿಲ್ಲದ ಹಾಗೆ ನಾವು ಅವಳ ಜೊತೆ ಕಿರುಚಿ ಮಾತಾಡಲು ಶುರು ಮಾಡಿದ್ದೆವು. ಒಂದು ದಿನ ಅವಳೇ, "ಯಾಕ್ರೋ ಹೀಗೆ ಅರಚ್ತೀರಾ, ನಾನೇನು ಬೆಟ್ಟದ ಮೇಲಿದೀನಾ?" ಅಂತ ಗದರಿದಳು. ಎದುರಿಗೆ ಆಡಿದ ಮಾತು ಅವಳಿಗೆ ಚೆನ್ನಾಗಿಯೇ ಕೇಳಿಸುತ್ತಿದೆ ಎಂಬುದು ಆಗಲಾದರೂ ನನ್ನ ತಲೆಗೆ ಹೋಗಬೇಕಿತ್ತು. ಹೋಗಲಿಲ್ಲ. ರಾತ್ರಿ ಊಟವಾದ ಮೇಲೆ ನಾನು ಶ್ರವಣಯಂತ್ರಗಳ ವಿಮರ್ಶೆ ಓದುತ್ತಿದ್ದೆ. ಮೊದಲ ಬಾರಿಗೆ ಒಂದು ಗ್ಯಾಜೆಟ್ಟಿನ ಬಗ್ಗೆ ಓದುವುದಕ್ಕೆ ಮನಸ್ಸೇ ಬರಲಿಲ್ಲ.

ಒಂದು ಶನಿವಾರ ಅವಳನ್ನು ಜಯನಗರದ ಕಿವಿ ಪರೀಕ್ಷೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಆಟೋ ಹಿಡಿದೆವು. ಬನಶಂಕರಿ ದೇವಸ್ಥಾನದ ಕಡೆಗೆ ತಿರುಗುವ ಸಿಗ್ನಲ್ಲಿನಲ್ಲಿ ಅಮ್ಮ ಕೈ ಮುಗಿದು, ಇದ್ದಕ್ಕಿದ್ದ ಹಾಗೆ ಹೇಳಿದಳು, "ತಪ್ಪು ಕೇಳಿಸ್ದೆ ಇದ್ರೆ ತಿದ್ದೋದು ಹೆಂಗೆ ಹೇಳು? ಈಗೆಲ್ಲಾ ಯಾರು ಏನ್ ಹಾಡಿದ್ರೂ ಚೆನ್ನಾಗಿದೆ ಅಂತಿದೀನಿ. ಪಾಪ, ಆ ಬಿಟಿಎಂ ಲೇಔಟಿನವಳಿಗೂ."

ಬಿಟಿಎಂ ಲೇಔಟಿನವಳು ಎಂದರೆ ಅಮ್ಮನ ಒಬ್ಬ ಶಿಷ್ಯೆ. ಬ್ಯಾಂಕಿನಲ್ಲಿ ಕೆಲಸ. ಎಲ್ಲರೂ ಸಂಗೀತ ಬಿಡುವ ವಯಸ್ಸಿನಲ್ಲಿ ಶುರು ಮಾಡಿದವಳು. ಕಂಠ ಅಷ್ಟಕ್ಕಷ್ಟೇ, ಶ್ರದ್ಧೆ ಮಾತ್ರ ಬೆಟ್ಟದಷ್ಟು. ಅಮ್ಮ ಅತಿ ಹೆಚ್ಚು ಬೈಯುತ್ತಿದ್ದುದು ಅವಳಿಗೆ.

ಕ್ಲಿನಿಕ್ಕಿನಲ್ಲಿ ಗಾಜಿನ ಕಿಟಕಿಯಿದ್ದ ಸಣ್ಣ ಕೋಣೆಯೊಳಗೆ ಅಮ್ಮನನ್ನು ಕೂರಿಸಿ, ತಲೆಗೆ ದೊಡ್ಡ ಹೆಡ್‌ಫೋನ್ ಹಾಕಿದರು. ಶಬ್ದ ಕೇಳಿದ ಕೂಡಲೇ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಹೊರಗೆ ಕೂತು ಕಿಟಕಿಯಲ್ಲಿ ಅವಳ ಬೆರಳನ್ನೇ ನೋಡುತ್ತಿದ್ದೆ. ಬೆರಳು ಅಲುಗಿದಾಗಲೆಲ್ಲ ನನಗೆ ಉಸಿರು ಬರುತ್ತಿತ್ತು, ಅಲುಗದಿದ್ದಾಗ ನಿಲ್ಲುತ್ತಿತ್ತು. ಮಧ್ಯೆ ಪರೀಕ್ಷೆ ಮಾಡುತ್ತಿದ್ದ ಮೇಡಂ ನಗುತ್ತಾ ಬಾಗಿಲು ತೆರೆದು, "ಅಮ್ಮಾ, ಗುಂಡಿ ಒತ್ತಿದ್ರೆ ಸಾಕು, ನೀವು ಜೊತೇಲಿ ಹಾಡೋದು ಬೇಡ" ಅಂದರು. ಕೇಳಿದ ಪ್ರತಿಯೊಂದು ಶಬ್ದದ ಶ್ರುತಿ ಹಿಡಿದು ಅಮ್ಮ ಅದನ್ನೇ ಗುನುಗುತ್ತಿದ್ದಳಂತೆ.

ಹೊರಗೆ ಬಂದ ಮೇಲೆ ಮೇಡಂ, "ವಯಸ್ಸಿಗೆ ಸಹಜವಾಗಿ ಒಂದಿಷ್ಟು ಕಮ್ಮಿಯಾಗಿದೆ, ಅದು ಬಿಟ್ರೆ ಏನೂ ತೊಂದ್ರೆ ಇಲ್ಲ ಸಾರ್. ಮಷಿನ್ ಏನೂ ಬೇಡ. ನಿಮ್ಮಮ್ಮನ ಕಿವಿ ಚೆನ್ನಾಗಿದೆ" ಅಂದರು. ನನಗೆ ಕಣ್ಣಲ್ಲಿ ನೀರು ಬಂತು. ಅಮ್ಮ ಮಾತ್ರ ನಂಬಲಿಲ್ಲ. "ಅವ್ರ ಡಬ್ಬಿ ಒಳಗೆ ಕೇಳ್ಸುತ್ತೆ ಕಣೋ. ನಂಗೆ ಬೇಕಾಗಿರೋದು ಮನುಷ್ಯರ ಧ್ವನಿ" ಅಂದಳು.

ಹತ್ತಿರದ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದಾಗ ಅವಳ ಫೋನ್ ಹೊಡೆದುಕೊಂಡಿತು. ಬಿಟಿಎಂ ಲೇಔಟಿನ ಶಿಷ್ಯೆಯೇ. ಅಮ್ಮ ಕಿವಿಗಿಟ್ಟುಕೊಂಡು, "ಹಲೋ, ಹಲೋ, ಕೇಳಿಸ್ತಿಲ್ಲಮ್ಮಾ" ಅನ್ನುತ್ತಾ ಮುಖ ಸಣ್ಣ ಮಾಡಿಕೊಂಡು ಫೋನನ್ನು ನನ್ನ ಕೈಗೆ ಕೊಟ್ಟಳು. ನನ್ನ ಇಯರ್‌ಬಡ್ಸ್ ಮನೆಯಲ್ಲಿದ್ದವು. ಬೇರೆ ದಾರಿಯಿಲ್ಲದೆ ಫೋನನ್ನು ಕಿವಿಗಿಟ್ಟುಕೊಂಡೆ. ಹಾಗೆ ಮಾಡಿ ಎಷ್ಟು ವರ್ಷವಾಗಿತ್ತೋ.

ಆ ಕಡೆಯಿಂದ ಕಂಬಳಿ ಹೊದ್ದುಕೊಂಡು ಯಾರೋ ಮಾತಾಡಿದ ಹಾಗಿತ್ತು.

"ಅಮ್ಮಾ, ನಂಗೂ ಕೇಳಿಸ್ತಿಲ್ಲ!" ಎಂದು ಕೂಗಿದೆ. ದರ್ಶಿನಿಯಲ್ಲಿ ಇಡ್ಲಿ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಕಿವಿ ಕೇಳುತ್ತಿಲ್ಲ ಎಂದು ಇಷ್ಟು ಖುಷಿಪಟ್ಟವನನ್ನು ಅವರು ನೋಡಿರಲಾರರು. ಅಮ್ಮ ಕೂಡ ಲೋಟ ಹಿಡಿದುಕೊಂಡು ಬೆಪ್ಪಾಗಿ ನಿಂತಿದ್ದಳು. ನಾನು ನನ್ನ ಫೋನಿನ ಟಾರ್ಚ್ ಹಾಕಿ ಅವಳ ಫೋನನ್ನು ನೋಡಿದೆ. ಪರದೆಯ ಮೇಲ್ತುದಿಯಲ್ಲಿ, ಧ್ವನಿ ಬರುವ ಆ ಸಣ್ಣ ಸೀಳಿನ ತುಂಬ ಕೆಂಪು.

"ಅಮ್ಮಾ, ಇದೇನಿದು?"

ಅಮ್ಮ ಕನ್ನಡಕ ಸರಿ ಮಾಡಿಕೊಂಡು ನೋಡಿದಳು. "ಕುಂಕುಮ ಅಲ್ವೇನೋ. ಆಯುಧಪೂಜೆ ದಿನ ಇಟ್ಟಿದ್ದು."

ಆಯುಧಪೂಜೆಯಂದು ಅವಳು ನನ್ನ ಸ್ಕೂಟರಿಗೆ, ಮಿಕ್ಸಿಗೆ, ಈಳಿಗೆಮಣೆಗೆ ಇಟ್ಟ ಹಾಗೆ ಹೊಸ ಫೋನಿಗೂ ಇಟ್ಟಿದ್ದಳು. ಎಲ್ಲಿ ಇಡಬೇಕು? ಹಣೆಗೆ. ಫೋನಿಗೆ ಹಣೆ ಯಾವುದು? ಮೇಲೆ, ನಟ್ಟನಡುವೆ. ಅರಿಶಿನವನ್ನು ಒದ್ದೆ ಮಾಡಿ ಹಚ್ಚಿ, ಅದರ ಮೇಲೆ ಕುಂಕುಮ ಒತ್ತಿದ್ದಳು. ಮಾರನೇ ದಿನ ಸೆರಗಿನಿಂದ ಒರೆಸಿದಾಗ ಮೇಲಿನದು ಹೋಯಿತು, ಉಳಿದದ್ದು ಸೀಳಿನೊಳಗೆ ಇಳಿದು ಗಾರೆಯ ಹಾಗೆ ಗಟ್ಟಿಯಾಯಿತು. ಇಯರ್‌ಬಡ್ಸ್ ಹಾಕಿ ಪರೀಕ್ಷಿಸುವ ಪಂಡಿತನಿಗೆ ಅದು ಕಾಣುವ ಸಂಭವವೇ ಇರಲಿಲ್ಲ. ಕಂಪನಿ ಬದಲಾಯಿಸಿ, ರೌಟರ್ ಬದಲಾಯಿಸಿ, ಕೊನೆಗೆ ಅಮ್ಮನ ಕಿವಿಯನ್ನೂ ಬದಲಾಯಿಸಲು ಹೊರಟಿದ್ದೆ. ಇಬ್ಬರೂ ನಗತೊಡಗಿದೆವು. ಅಮ್ಮನಿಗೆ ನಗು ತಡೆಯಲಾಗದೆ ಕಾಫಿ ಸೀರೆಯ ಮೇಲೆ ಚೆಲ್ಲಿತು.

ಮನೆಗೆ ಬಂದು ಮೆತ್ತನೆಯ ಬ್ರಶ್ಶಿನಿಂದ ಸೀಳನ್ನು ಉಜ್ಜಿದೆ. ಅಮ್ಮ ಕೆಳಗೆ ಕಾಗದ ಹಿಡಿದು ಕೂತಿದ್ದಳು, ಪೂಜೆಯ ಕುಂಕುಮ ಕಾಲಡಿಗೆ ಬೀಳಬಾರದು. ಉದುರಿದ ಪುಡಿಯನ್ನೆಲ್ಲ ತುಳಸಿ ಕುಂಡಕ್ಕೆ ಹಾಕಿ ಬಂದಳು. ಹೆಂಡತಿ ಇದನ್ನೆಲ್ಲ ಕೇಳಿ, "ರೀ, ನಾಳೆ ಪಾರ್ಕಲ್ಲಿ ಇದನ್ನೂ ಹೇಳ್ತೀರಾ?" ಅಂತ ಮಾತ್ರ ಕೇಳಿದಳು.

ಸಂಜೆ ಅಮ್ಮ ತಾನಾಗಿಯೇ ಬಿಟಿಎಂ ಲೇಔಟಿನ ಶಿಷ್ಯೆಗೆ ಕರೆ ಮಾಡಿದಳು. ಧ್ವನಿ ಈಗ ಎಷ್ಟು ಸ್ಪಷ್ಟವಾಗಿತ್ತೆಂದರೆ ಪಕ್ಕದಲ್ಲಿ ಕೂತ ನನಗೂ ಕೇಳಿಸುತ್ತಿತ್ತು. "ಎಲ್ಲಿ, ಹೋದ ಸಲದ್ದು ಹಾಡು" ಅಂದಳು ಅಮ್ಮ. ಆಕೆ ಹಾಡಿದಳು. ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು, ತೊಡೆಯ ಮೇಲೆ ತಾಳ ನಡೆದಿತ್ತು. ಮೊದಲ ಸಾಲು ಮುಗಿಯಿತು. ಎರಡನೇ ಸಾಲಿಗೆ ತಾಳ ನಿಂತಿತು.

"ನಿಲ್ಸು ನಿಲ್ಸು. ಕಲ್ಯಾಣಿ ಹಾಡು ಅಂದ್ರೆ ಶಂಕರಾಭರಣಕ್ಕೆ ಯಾಕಮ್ಮಾ ಹೋದೆ? ಮಧ್ಯಮ ಎಲ್ಲಿ ಹಿಡಿದಿದೀಯಾ ನೋಡ್ಕೋ. ಮನೇಲಿ ಸಾಧನೆ ಮಾಡ್ತೀಯೋ, ಇಲ್ಲಾ ಬ್ಯಾಂಕಲ್ಲಿ ಕೂತು ನಿದ್ದೆ ಮಾಡ್ತೀಯೋ? ಇಷ್ಟು ದಿನ ಕಲ್ತಿದ್ದು ಇದೇನಾ?"

ಆ ಕಡೆ ಸದ್ದಿಲ್ಲ. ಅಮ್ಮ ಗಾಬರಿಯಾಗಿ ಫೋನಿನ ಕಡೆ ನೋಡಿದಳು, ಮತ್ತೆ ಹಾಳಾಯಿತೇನೋ ಎಂದು. ಆಮೇಲೆ ಮೂಗು ಏರಿಸಿದ ಶಬ್ದ ಕೇಳಿಸಿತು. ಶಿಷ್ಯೆ ಅಳುತ್ತಿದ್ದಳು.

"ಮಿಸ್," ಅಂದಳು ಆಕೆ, "ಹಬ್ಬ ಆದಾಗ್ಲಿಂದ ನೀವು ಒಂದ್ಸಲಾನೂ ಬೈದಿಲ್ಲ. ಏನ್ ಹಾಡಿದ್ರೂ ಚೆನ್ನಾಗಿದೆ ಅಂತಿದ್ರಿ. ಇವಳ ಕೈಲಿ ಆಗಲ್ಲ ಅಂತ ನನ್ನ ಕೈಬಿಟ್ರೇನೋ ಅಂದ್ಕೊಂಡಿದ್ದೆ. ಪಾಠ ಬಿಟ್ಬಿಡ್ತೀನಿ ಅಂತ ಹೇಳೋಕೇ ಬೆಳಗ್ಗೆ ಫೋನ್ ಮಾಡಿದ್ದೆ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು, ಗಂಟಲು ಸರಿ ಮಾಡಿಕೊಂಡಳು.

"ಯಾರನ್ನ ಯಾರಮ್ಮಾ ಕೈಬಿಡೋದು? ಅಳೋದು ನಿಲ್ಸಿ ಪಲ್ಲವಿಯಿಂದ ಹಾಡು. ನಾನು ಕೇಳಿಸ್ಕೋತಾ ಇದೀನಿ."