‘ಆಯ್ತು’ ಎಂಬ ಉತ್ತರ

ಕೆಲವು ಕಾಲ ನಾನು ಸುಳ್ಳು ಬರೆಯುವ ಕೆಲಸದಲ್ಲಿದ್ದೆ. ಕಥೆಗಾರ್ತಿ ಅಂದುಕೊಳ್ಳಬೇಡಿ, ಅಷ್ಟು ಬುದ್ಧಿ ನನಗಿಲ್ಲ. ಜನ ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ ಎಂಬ ಸಂಶೋಧನೆಯೊಂದಕ್ಕೆ ಮನೆಮನೆಗೆ ಹೋಗಿ ಫಾರಂ ತುಂಬುತ್ತಿದ್ದೆ.

ಫಾರಂ ಮಾಡಿದವರು ದೊಡ್ಡ ಓದು ಓದಿದವರು. ಆದರೆ ಊಟ ಎಂದರೇನು ಎಂದು ಅವರು ಯಾರನ್ನೂ ಕೇಳಿದಂತಿರಲಿಲ್ಲ. ನಮ್ಮಲ್ಲಿ ಅನ್ನವೋ ಮುದ್ದೆಯೋ ಇಳಿದರೆ ಮಾತ್ರ ಅದು ಊಟ. ಪುಟ್ಟೇನಹಳ್ಳಿಯಲ್ಲಿ, ತಾವು ರಾಗಿ ಬೆಳೆದ ಜಾಗದಲ್ಲೇ ಮೂರಂತಸ್ತು ಕಟ್ಟಿ ಬಾಡಿಗೆಗೆ ಬಿಟ್ಟಿರುವ ಯಜಮಾನರೊಬ್ಬರು, "ಶನಿವಾರ ನಂದು ಒಪ್ಪತ್ತು ಮೇಡಂ, ರಾತ್ರಿ ಊಟ ಮುಟ್ಟಲ್ಲ" ಎಂದರು. ಉಪವಾಸ ಎಂದು ಬರೆದುಕೊಂಡೆ. "ನಾಲ್ಕ್ ಚಪಾತಿ, ಒಂದ್ ಬಟ್ಲು ಉಪ್ಪಿಟ್ಟು ಯಾರ್ ತಿಂದ್ರು ಹಂಗಾದ್ರೆ?" ಎಂದು ಒಳಗಿನಿಂದ ಅವರ ಹೆಂಡತಿ ಕೂಗಿದರು. ಯಜಮಾನರಿಗೆ ನಿಜಕ್ಕೂ ಆಶ್ಚರ್ಯ. "ಅದು ಫಲಾರ ಕಣೇ!" ಎಂದರು.

ಇದನ್ನೆಲ್ಲ ಎಲ್ಲಿ ಬರೆಯಲಿ ಎಂದು ಕೇಳಿದರೆ ನಮ್ಮ ಸೂಪರ್‌ವೈಸರ್, "ಏನಾದ್ರೂ ಬರೀರಿ, ಖಾಲಿ ಮಾತ್ರ ಬಿಡ್ಬೇಡಿ" ಎನ್ನುತ್ತಿದ್ದರು.

ಇನ್ನು "ಊಟ ಆಯ್ತಾ?" ಎಂಬ ಪ್ರಶ್ನೆ. ಅದು ನಮ್ಮಲ್ಲಿ ಪ್ರಶ್ನೆಯೇ ಅಲ್ಲ, ನಮಸ್ಕಾರ. ಅದಕ್ಕೆ ಆಯ್ತು ಅನ್ನಬೇಕು. ಬಾಗಿಲಿಗೆ ಬಂದವರೆದುರು ಇಲ್ಲ ಅನ್ನುವುದೆಂದರೆ ಕೈ ಚಾಚಿದ ಹಾಗೆ. ಇದು ಗೊತ್ತಿದ್ದೂ ಕೇಳುತ್ತಿದ್ದೆ, ಅವರು ಹೇಳಿದ್ದಕ್ಕೆ ಗುರುತು ಹಾಕುತ್ತಿದ್ದೆ.

ಜಯಮ್ಮ ಚಿಕ್ಕಲಸಂದ್ರದಲ್ಲಿ ಎರಡು ಮನೆಗೆ ಅಡುಗೆ ಮಾಡುವವರು. ವಾರಕ್ಕೊಮ್ಮೆಯಂತೆ ಎರಡು ತಿಂಗಳು ಅವರನ್ನು ಕೇಳಿದೆ. ಪ್ರತಿ ಸಲವೂ ಒಂದೇ ಉತ್ತರ: "ಆಯ್ತಕ್ಕ. ಮುದ್ದೆ, ಸೊಪ್ಪಿನ್ ಸಾರು." ಅವರ ರವಿಕೆ ವಾರವಾರಕ್ಕೂ ಸಡಿಲವಾಗುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿತ್ತು. ಫಾರಂನಲ್ಲಿ ರವಿಕೆಗೆ ಕಾಲಂ ಇಲ್ಲವಲ್ಲ ಎಂದು ಸುಮ್ಮನಾದೆ.

ವರದಿ ನುಣುಪು ಕಾಗದದಲ್ಲಿ ಅಚ್ಚಾಗಿ ಬಂತು. ಮುಖಾಮುಖಿ ಸಂದರ್ಶನ ನಡೆಸಲಾಯಿತು, ಒಂದು ಉತ್ತರವೂ ಬಿಟ್ಟುಹೋಗಿಲ್ಲ ಎಂದು ಹೆಮ್ಮೆಯ ಸಾಲಿತ್ತು. ಗೇಟಿನಲ್ಲಿ ನಿಂತು ಕೇಳಿದ್ದು, ಎಷ್ಟೋ ಕಡೆ ಸೊಸೆ ಉತ್ತರಿಸುವಾಗ ಪಕ್ಕದಲ್ಲೇ ಅತ್ತೆ ಇದ್ದದ್ದು ಅದರಲ್ಲಿ ಎಲ್ಲೂ ಇರಲಿಲ್ಲ.

ಅದೇ ವಾರ ಜಯಮ್ಮ ಇನ್ನೊಬ್ಬರ ಮನೆಯ ಸಾರಿಗೆ ಒಗ್ಗರಣೆ ಹಾಕುತ್ತಾ ಕುಸಿದು ಬಿದ್ದರು. ಗಂಡನ ಕೆಲಸ ಹೋಗಿತ್ತಂತೆ. ಅವನಿಗೂ ಮಕ್ಕಳಿಗೂ ಬಡಿಸಿದ ಮೇಲೆ ಪಾತ್ರೆಯಲ್ಲಿ ಏನೂ ಉಳಿಯುತ್ತಿರಲಿಲ್ಲವಂತೆ. ಎಷ್ಟೋ ದಿನದ ಹಸಿವು ಇದು ಎಂದರಂತೆ ಡಾಕ್ಟರು.

ಆಸ್ಪತ್ರೆಗೆ ಹೋದೆ. ತಡೆಯಲಾರದೆ, "ಯಾಕ್ ಜಯಮ್ಮ ಸುಳ್ಳು ಹೇಳಿದ್ರಿ?" ಎಂದುಬಿಟ್ಟೆ. ಹಾಗೆ ಕೇಳಲು ನನಗೆ ನಾಚಿಕೆಯೂ ಆಗಲಿಲ್ಲ, ನೋಡಿ.

ಅವರಿಗೆ ಕೋಪವೇನೂ ಬರಲಿಲ್ಲ. "ಇಲ್ಲ ಅಂದಿದ್ರೆ ನೀವೇನ್ ಬಡಿಸ್ತಿದ್ರಾ ಅಕ್ಕ?" ಎಂದರು.

ಬಡಿಸಬಹುದಿತ್ತು. ಪ್ರತಿ ವಾರವೂ ನನ್ನ ಚೀಲದಲ್ಲಿ ಬುತ್ತಿ ಡಬ್ಬಿ ಇರುತ್ತಿತ್ತು. ಅವರ ಮುದ್ದೆ ಸಾರನ್ನು ಬರೆದುಕೊಂಡು, ಮುಂದಿನ ತಿರುವಿನ ಪಾರ್ಕಿನಲ್ಲಿ ಕೂತು, ಒಬ್ಬಳೇ ತಿಂದು ಮುಗಿಸುತ್ತಿದ್ದೆ.