ಲಾಕಪ್ಪಿಗೆ ಊಟ ಒಯ್ದ ಅವ್ವ

ಒಲೆಯ ಮುಂದೆ ಬಗ್ಗಿ ಬಗ್ಗಿ ಅವರ ಎಡಹುಬ್ಬಿನ ಕೂದಲು ಅರ್ಧ ಸುಟ್ಟುಹೋಗಿತ್ತು. ಊರಿಗೆಲ್ಲ ಅವರು ಖಾನಾವಳಿ ಅವ್ವ. ರೊಟ್ಟಿ ಬಡಿಯುತ್ತಲೇ ಗಿರಾಕಿಗಳನ್ನು ಬಯ್ಯುತ್ತಿದ್ದರು; ಹೆಚ್ಚು ಬೈಸಿಕೊಂಡವರ ತಟ್ಟೆಗೇ ಇನ್ನೊಂದು ರೊಟ್ಟಿ ಬೀಳುತ್ತಿತ್ತು. ಠಾಣೆಯ ಲಾಕಪ್ಪಿನಲ್ಲಿದ್ದವರಿಗೂ ಅವರದೇ ಊಟ. ಡಬ್ಬಿಯನ್ನು ಪೇದೆಯ ಕೈಗೆ ಕೊಟ್ಟು ಸುಮ್ಮನಾಗುವ ಜೀವವಲ್ಲ ಅದು. ತಾವೇ ಒಯ್ದು, ಉಣ್ಣುವವನ ಮುಖ ನೋಡಿ ಬರುತ್ತಿದ್ದರು. “ಏನರ ಮಾಡಿರಲಿ, ಉಣ್ಣೂ ಮುಂದ ಯಾರೂ ಕಳ್ಳರಲ್ಲ,” ಅನ್ನುತ್ತಿದ್ದರು.

ನನ್ನ ಅಣ್ಣ ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಮೆಣಸಿನಕಾಯಿ ಚೀಲ ಕದ್ದನೆಂಬ ಅನುಮಾನದ ಮೇಲೆ ಪೊಲೀಸರು ಅವನನ್ನು ಮನೆಯಿಂದ ಎಳೆದೊಯ್ದರು. ಎರಡು ದಿನ ಬಿಟ್ಟು ಠಾಣೆಗೆ ಹೋಗಿ ಕೇಳಿದರೆ, “ಅಂವ ಇಲ್ಲಿಗೆ ಬಂದೇ ಇಲ್ಲ,” ಅಂದರು. ಹಿಡಿದವರನ್ನು ಇಪ್ಪತ್ನಾಲ್ಕು ತಾಸಿನೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕೆಂಬ ಕಾಯಿದೆ ನನಗೂ ಗೊತ್ತಿತ್ತು. ಹಿಡಿದೇ ಇಲ್ಲ ಎಂದರೆ ಆ ಕಾಯಿದೆ ಯಾವ ಒಲೆಗೆ? ಅಳುತ್ತ ಹೊರಬಂದ ನನ್ನನ್ನು ಖಾನಾವಳಿ ಅವ್ವ ಕರೆದರು.

“ಯಾಕ ಅಳತಿ ಯವ್ವಾ? ನಿಮ್ಮಣ್ಣಗ ನಿನ್ನೆ ರಾತ್ರಿ ನಾನ ಉಣ್ಣಾಕ ಕೊಟ್ಟೇನಿ. ಬಲಗೈ ಬಾತೈತಿ, ಎಡಗೈಲೆ ಉಂಡ.”

“ಕೋರ್ಟಿನ್ಯಾಗ ಹೇಳ್ತೀರೇನ್ರಿ?”

“ಕಂಡದ್ದ ಹೇಳಾಕ ಎಂಥಾ ಅಂಜಿಕಿ?”

ಪೊಲೀಸರು ಅಣ್ಣನನ್ನು ಅಕ್ರಮವಾಗಿ ಹಿಡಿದಿಟ್ಟಿದ್ದಾರೆಂದು ರಾಣೇಬೆನ್ನೂರಿನ ವಕೀಲರೊಬ್ಬರು ನಮ್ಮ ಪರವಾಗಿ ನ್ಯಾಯಾಲಯಕ್ಕೆ ದೂರು ಕೊಟ್ಟರು. ಅವ್ವ ಸಾಕ್ಷಿ ಹೇಳುತ್ತಾರೆಂಬ ಸುದ್ದಿ ಠಾಣೆಗೆ ಮುಟ್ಟಿದ ಸಂಜೆಯೇ ಅಣ್ಣ ಮನೆಗೆ ಬಂದ.

ವಿಚಾರಣೆಯ ದಿನ ಅವರು ಇಳಕಲ್ ಸೀರೆ ಉಟ್ಟು ಬಂದು ಕಂಡದ್ದನ್ನೆಲ್ಲ ಹೇಳಿದರು. ಆಮೇಲೆ ಅಣ್ಣನ ಸರದಿ. “ನನ್ನ ಯಾರೂ ಹಿಡದಿಲ್ರಿ ಸಾಹೇಬ್ರ. ಗಳಗನಾಥಕ್ಕ ಬೀಗರ ಮನಿಗೆ ಹೋಗಿದ್ದೆ. ಇವರ್ನ ನಾ ನೋಡೇ ಇಲ್ರಿ,” ಅಂದುಬಿಟ್ಟ. ಹಿಂದಿನ ದಿನ ಇಬ್ಬರು ಪೇದೆಗಳು ನಮ್ಮ ಮನೆಗೆ ಬಂದು, ಚಹಾ ಕುಡಿದು, ಬಾಯಿ ಬಿಟ್ಟರೆ ಹೊಸ ಕೇಸು ಹಾಕುತ್ತೇವೆಂದು ಹೇಳಿ ಹೋಗಿದ್ದರು. ಅವನ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೂ ಅವನ ಮೇಲಿನ ಸಿಟ್ಟು ಆರಿಲ್ಲ.

ದೂರು ವಜಾ ಆಯಿತು. ವಾರದೊಳಗೆ, ಸ್ವಚ್ಛತೆಯಿಲ್ಲವೆಂದು ಖಾನಾವಳಿಗೆ ಬೀಗ ಬಿತ್ತು. ನೋಟಿಸಿಲ್ಲ, ಹೇಳಿಕೆ ಕೇಳಿದ್ದಿಲ್ಲ. ಬೀಗ ಹಾಕಲು ಬಂದವರು ಅಲ್ಲೇ ವರ್ಷಗಟ್ಟಲೆ ಉಂಡ ಪುಣ್ಯವಂತರು! ಅವ್ವ ಮನೆಯ ಪಡಸಾಲೆಯಲ್ಲಿ ಕೂತು ಕಡಕ್ ರೊಟ್ಟಿ ಮಾಡಿ ಮಾರತೊಡಗಿದರು. ನಾನು ಅಣ್ಣನ ಪರವಾಗಿ ಕೈಮುಗಿಯಲು ಹೋದೆ. “ಅಂವ ಬದುಕ್ಯಾನಲ್ಲ, ಸಾಕ್ ಬಿಡು,” ಅಂದರು. ಇನ್ನೊಂದು ರೊಟ್ಟಿ ಬಡಿದು ಹಂಚಿಗೆ ಹಾಕಿ, “ಆದ್ರ ಅಷ್ಟ ಮಂದಿ ಮುಂದ ನನ್ನ ಸುಳ್ಳಬುರಕಿ ಮಾಡಿದ್ನಲ್ಲ ಯವ್ವಾ, ಅದನ್ನ ನುಂಗಾಕ ಆಗವಲ್ದು,” ಅಂದರು.

ಹೋದ ವರ್ಷ ಅವ್ವ ತೀರಿಕೊಂಡರು. ಮಣ್ಣಿಗೆ ಅಣ್ಣನೂ ಬಂದ. ಹೆಣದ ಕಾಲು ಹಿಡಿದು ಬಿಕ್ಕಿ ಬಿಕ್ಕಿ ಅತ್ತ. ಅವರ ಕಡೆಯವರೊಬ್ಬರು, “ಇವರು ನಿಮಗ ಏನಾಗಬೇಕ್ರಿ?” ಎಂದು ಕೇಳಿದರು.

“ನಾ ಲಾಕಪ್ಪಿನ್ಯಾಗ ಇದ್ದಾಗ ಉಣ್ಣಾಕ ಕೊಟ್ಟಾರ್ರಿ,” ಅಂದ.

ನೆರೆದವರಿಗೆಲ್ಲ ಕೇಳುವಂತೆಯೇ ಅಂದ. ಕೇಳಬೇಕಾದವರ ಕಿವಿಗೆ ಆಗಲೇ ಹತ್ತಿ ಇಟ್ಟಿದ್ದರು.