ನಾನು ಪಿಸ್ತೂಲು ಕೊಂಡದ್ದು

ಬೆಳಿಗ್ಗೆ ಚಿಕ್ಕಮ್ಮನ ಕೊಟ್ಟಿಗೆಯ ಬಾಗಿಲಿನ ಕೀಲಿಗೆ ಎಣ್ಣೆ ಬಿಡಲು ಹೋಗಿದ್ದೆ. ಅವರ ಹಸು ಗೌರಿ ನಿನ್ನೆ ಕರು ಹಾಕಿದೆ. ಬಾಗಿಲು ಕಿರ್ರೆಂದಾಗಲೆಲ್ಲ ಅದು ಬೆಚ್ಚುತ್ತದೆಂದು ಚಿಕ್ಕಮ್ಮ ಎರಡು ಸಲ ಹೇಳಿಕಳುಹಿಸಿದ್ದರು. ಮನೆಯಲ್ಲಿ ಎಣ್ಣೆಗಾಗಿ ತಡಕಾಡಿದಾಗ ಸಿಕ್ಕಿದ್ದು ಹೆಬ್ಬೆರಳಿನಷ್ಟು ಉದ್ದದ, ಚೂಪು ಮೂತಿಯ ಒಂದು ಪ್ಲಾಸ್ಟಿಕ್ ಸೀಸೆ. ಮುಚ್ಚಳ ತೆಗೆದೆ. ನೋಡಿ, ಅದೇ ವಾಸನೆ. ಎರಡು ವರ್ಷದ ಹಿಂದಿನ ಒಂದು ಭಾನುವಾರ ನೆನಪಾಗಿ ನನ್ನ ಕಿವಿ ಬಿಸಿಯಾಯಿತು. ಇದು ಹೇಳಿಕೊಳ್ಳುವಂಥ ಸಂಗತಿಯಲ್ಲ. ಆದರೂ ನೀವು ನನ್ನ ಜೊತೆ ಈ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುವುದಾದರೆ ಹೇಳಿಬಿಡುತ್ತೇನೆ.

ನನ್ನ ನಲವತ್ತೈದನೆಯ ವಯಸ್ಸಿನಲ್ಲಿ ನಾನೊಂದು ಏರ್ ಪಿಸ್ತೂಲು ಕೊಂಡೆ. ನಮ್ಮೂರು ಆವತಿಗೆ ಹತ್ತಿರದ ಸಣ್ಣ ಹಳ್ಳಿ. ಕೆಲಸ ದೊಡ್ಡಬಳ್ಳಾಪುರದ ಒಂದು ಕಾರ್ಖಾನೆಯಲ್ಲಿ. ಬೇರೆಯವರು ಮಾಡಿದ ವಸ್ತುಗಳನ್ನು ತಿರುಗಿಸಿ ನೋಡಿ, ತಪ್ಪಿದ್ದರೆ ಕೆಂಪು ಚೀಟಿ ಅಂಟಿಸುವುದು ನನ್ನ ವೃತ್ತಿ. ಇಂಥವನಿಗೆ ಪಿಸ್ತೂಲು ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಮಾ ಕೇಳಿಯೇ ಕೇಳಿದಳು. ಸೀಬೆ ಮರಕ್ಕೆ ಬರುವ ಅಳಿಲು ಓಡಿಸಲು ಎಂದೆ. "ಅಳಿಲಿಗೆ ಇಷ್ಟೊಂದು ಮರ್ಯಾದೆನಾ? ಚಪ್ಪಾಳೆ ತಟ್ಟಿದ್ರೆ ಓಡೋಗ್ತದಪ್ಪ" ಎಂದು ಒಳಗೆ ಹೋದಳು.

ನಿಜ ಹೇಳಬೇಕೆಂದರೆ ಅಳಿಲು ಒಂದು ನೆಪ. ಚಿಕ್ಕಂದಿನಲ್ಲಿ ಓರಗೆಯ ಹುಡುಗರ ಜೇಬಿನಲ್ಲೆಲ್ಲ ಚಾಟರ್ ಬಿಲ್ಲು ಇರುತ್ತಿತ್ತು. ನಮ್ಮಪ್ಪ ಮಾತ್ರ ನನಗೆ ಅದನ್ನು ಮುಟ್ಟಲು ಬಿಡಲಿಲ್ಲ. ಎಲ್ಲರೂ ಗುರಿ ಇಡುವಾಗ ನಾನು ಅವರಿಗೆ ಕಲ್ಲು ಆರಿಸಿಕೊಡುತ್ತಿದ್ದೆ. ಅಪ್ಪ ಹೋಗಿ ಎಷ್ಟೋ ವರ್ಷವಾದ ಮೇಲೆ ಬೆಂಗಳೂರಿನ ಒಂದು ಅಂಗಡಿಯ ಗಾಜಿನ ಹಿಂದೆ ಆ ಪಿಸ್ತೂಲನ್ನು ಕಂಡೆ. ಲೈಸೆನ್ಸ್ ಬೇಕಿಲ್ಲ ಎಂದು ಅಂಗಡಿಯವನು ಹೇಳಿದ ಮೇಲೆ ನನ್ನನ್ನು ತಡೆಯುವವರು ಯಾರೂ ಉಳಿದಿರಲಿಲ್ಲ.

ಮೊದಲು ಗೊತ್ತಾದದ್ದು ಅದರ ತೂಕ. ಒಂದು ಕೈಯಲ್ಲಿ ಠೀವಿಯಿಂದ ಹಿಡಿದು ನಿಲ್ಲುವ ಚಿತ್ರವೊಂದು ನನ್ನ ತಲೆಯಲ್ಲಿತ್ತು. ಹಾಗೆ ಹಿಡಿದರೆ ಎಣಿಸಿ ಹತ್ತಕ್ಕೆ ಮೂತಿ ನೆಲ ನೋಡುತ್ತಿತ್ತು. ಎರಡನೆಯದು, ಒಳಗಿನ ಸ್ಪ್ರಿಂಗಿನ ಮೊಂಡುತನ. ಪ್ರತಿ ಸಲ ನಳಿಗೆಯನ್ನು ಮುರಿಯುವವನ ಹಾಗೆ ಕೆಳಕ್ಕೆ ಬಗ್ಗಿಸಿ ಸ್ಪ್ರಿಂಗ್ ಬಿಗಿ ಮಾಡಬೇಕು. ನಾನು ಮೊಣಕಾಲಿಗೆ ಆನಿಸಿ, ಹಲ್ಲು ಕಚ್ಚಿ, ಒಮ್ಮೆ ಅಂಗೈ ಚರ್ಮವನ್ನೂ ಸಿಕ್ಕಿಸಿಕೊಂಡು ಬಗ್ಗಿಸಿದೆ. ಹುರುಳಿಕಾಳಿನಷ್ಟು ಸೀಸದ ಗುಂಡು ತುಂಬಿ ಕುದುರೆ ಎಳೆದರೆ ಸಿನಿಮಾದ ಢಂ ಇಲ್ಲ. ಹಲಗೆ ಬಿದ್ದಂತೆ ಒಂದು ಟಪ್, ಹಿಂದೆಯೇ ಒಳಗಿನಿಂದ ತಂತಿ ಮೀಟಿದಂತೆ ಒಂದು ನಡುಕ. ಕೈ ಹಿಂದಕ್ಕೂ ಹೋಗಿ ಮುಂದಕ್ಕೂ ಬಂತು. ಮೂತಿಯಿಂದ ಬಿಳಿ ಹೊಗೆ ಎದ್ದು, ಅಂಗಡಿಯವನು ಜೊತೆಗೆ ಕೊಟ್ಟ ಸೀಸೆಯಿಂದ ನಾನು ಬಿಟ್ಟಿದ್ದ ಎಣ್ಣೆ ಸುಟ್ಟ ವಾಸನೆ ಹರಡಿತು. ಅದನ್ನು ನಾನು ಎದೆ ತುಂಬ ಎಳೆದುಕೊಂಡೆ. ಹತ್ತು ಹೆಜ್ಜೆ ದೂರದ ಪೇಂಟ್ ಡಬ್ಬಿ ಮಾತ್ರ ನನ್ನನ್ನು ನೋಡುತ್ತ ಹಾಗೇ ಕುಳಿತಿತ್ತು.

ಆ ಡಬ್ಬಿಯನ್ನು ನಾನು ಇಟ್ಟಿದ್ದು ಹಿತ್ತಿಲ ಗೋಡೆಯ ಮೇಲೆ. ಗೋಡೆಯಾಚೆ, ನಮ್ಮ ಕಡೆಗೆ ತೆರೆದುಕೊಂಡಿದ್ದ ಚಿಕ್ಕಮ್ಮನ ಕೊಟ್ಟಿಗೆ. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಬಿರುಕನ್ನೂ ಬಿಡದ ನನಗೆ, ಡಬ್ಬಿಗೆ ತಾಗದ ಗುಂಡು ಎಲ್ಲಿಗೆ ಹೋಗುತ್ತದೆಂಬ ಯೋಚನೆ ಬರಲಿಲ್ಲ. ಏಳನೆಯದೋ ಎಂಟನೆಯದೋ ಗುಂಡು ಹಾರಿದಾಗ ಆಚೆಯಿಂದ ಗೌರಿ ಅರಚಿತು. ಪಾತ್ರೆ ಉರುಳಿದ ಸದ್ದು, ಚಿಕ್ಕಮ್ಮನ "ಅಯ್ಯಯ್ಯೋ" ಒಟ್ಟಿಗೆ ಕೇಳಿಬಂದವು. ಓಡಿಹೋಗಿ ನೋಡಿದರೆ ನೆಲದ ತುಂಬ ಹಾಲು. ಗೌರಿ ಒದ್ದ ರಭಸಕ್ಕೆ ಚಿಕ್ಕಮ್ಮ ಗೋಡೆಗೆ ಬಡಿದು ಮೊಣಕೈ ಉಜ್ಜಿಕೊಳ್ಳುತ್ತಿದ್ದರು. ಹಸುವಿನ ತೊಡೆಯ ಮೇಲೆ ಒಂದು ಸಣ್ಣ ಬೊಬ್ಬೆ ಎದ್ದಿತ್ತು.

"ಏನಾಯ್ತು ಚಿಕ್ಕಮ್ಮ?" ಎಂದು ಕೇಳಿದೆ. ಹೌದು, ನಾನೇ ಕೇಳಿದೆ. ಆ ಪ್ರಶ್ನೆಯನ್ನು ನೆನೆದರೆ ಇವತ್ತಿಗೂ ನಾಚಿಕೆಯಿಂದ ಮುದುಡಿಕೊಳ್ಳುತ್ತೇನೆ.

"ಗೊತ್ತಿಲ್ಲ ಕಣಪ್ಪ, ಏನೋ ಕಚ್ತೋ ಏನೋ. ಯಾವತ್ತೂ ಹಿಂಗ್ ಮಾಡ್ದೋಳಲ್ಲ ನನ್ ಗೌರಿ."

ಆ ಸಂಜೆಯಿಂದ ಗೌರಿ ಹಾಲು ಇಳಿಸದೆ ಮೇಲಕ್ಕೆ ಏರಿಸಿಕೊಂಡುಬಿಟ್ಟಿತು. ಚಿಕ್ಕಮ್ಮ ಕೈ ಹಾಕಿದರೆ ಸಾಕು, ಮೈ ಕೊಡವಿ ಸರಿಯುತ್ತಿತ್ತು. ಡಾಕ್ಟರು ಬಂದು, ಕೆಚ್ಚಲಿಗೆ ಏನೂ ಆಗಿಲ್ಲ, ಬೆದರಿದೆ ಅಷ್ಟೇ ಎಂದರು. ಯಾಕೆ ಬೆದರಿತು ಎಂದು ಚಿಕ್ಕಮ್ಮ ಯೋಚಿಸಿದರು. ಆಗ ಅವರಿಗೆ ಹಿಂದಿನ ದಿನದ ಮಾತು ನೆನಪಾಯಿತು. ಎದುರು ಮನೆಯ ರತ್ನಮ್ಮ ಕೊಟ್ಟಿಗೆಗೆ ಬಂದಿದ್ದವರು, "ಏನಕ್ಕ, ನಿಮ್ ಗೌರಿ ಕೆಚ್ಚಲು ನೋಡಿದ್ರೆ ಕಣ್ಣು ತುಂಬ್ತೈತೆ" ಎಂದಿದ್ದರಂತೆ.

ಅಲ್ಲಿಗೆ ಸಿಕ್ಕಿತು ಕಾರಣ. ಚಿಕ್ಕಮ್ಮ ಒಣಮೆಣಸಿನಕಾಯಿ, ಉಪ್ಪು, ಪೊರಕೆ ಕಡ್ಡಿ ಹಿಡಿದು ಗೌರಿಗೆ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ. "ನೋಡ್ದಾ, ಒಂದಿಷ್ಟಾದ್ರೂ ಘಾಟು ಬಂತಾ? ಹೆಂಗ್ ಬಿದ್ದಿರ್ಬೇಕು ಕಣ್ಣು!" ಎಂದರು. ಘಾಟು ಬರದಿದ್ದರೆ ದೃಷ್ಟಿ ಬಲವಾಗಿ ತಾಗಿದೆ ಎಂದು ನಮ್ಮ ಕಡೆ ಲೆಕ್ಕ. ನಾನು ಹೂಂ ಎಂದೆ. ನನ್ನ ಜೇಬಿನಲ್ಲಿ ಸೀಸದ ಗುಂಡುಗಳ ಡಬ್ಬಿ ಇತ್ತು. ಅದು ಅಲುಗಿ ಸದ್ದಾಗದಿರಲೆಂದು ಮೇಲೆ ಕೈ ಒತ್ತಿಕೊಂಡಿದ್ದೆ.

ಚಿಕ್ಕಮ್ಮನೂ ರತ್ನಮ್ಮನೂ ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಸಂಜೆ ಒಟ್ಟಿಗೆ ಡೈರಿಗೆ ಹಾಲು ಹಾಕಿ ಬರುವವರು. ಚಿಕ್ಕಪ್ಪ ತೀರಿಕೊಂಡಾಗ ಮೂರು ತಿಂಗಳು ಚಿಕ್ಕಮ್ಮನ ಕ್ಯಾನನ್ನೂ ರತ್ನಮ್ಮನೇ ಹೊತ್ತಿದ್ದರು. ಮಾರನೆಯ ಬೆಳಿಗ್ಗೆ ರತ್ನಮ್ಮ ಬಾಗಿಲಲ್ಲಿ ನಿಂತು "ಅಕ್ಕಾ, ಬರ್ತೀಯಾ?" ಎಂದು ಕೂಗಿದರೆ ಒಳಗಿನಿಂದ ಉತ್ತರ ಬರಲಿಲ್ಲ. ಮೂರು ದಿನ ಕೂಗಿದರು. ನಾಲ್ಕನೆಯ ದಿನ ಅವರಿಗೂ ಯಾರೋ ವಿಷಯ ಮುಟ್ಟಿಸಿರಬೇಕು, ಕೂಗಲಿಲ್ಲ. ಹದಿನೈದು ದಿನದಲ್ಲಿ ಗೌರಿ ಮೊದಲಿನಂತೆ ಹಾಲು ಕೊಟ್ಟಿತು. ಆ ಹೊತ್ತಿಗೆ ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಡೈರಿಗೆ ಹೋಗುವುದು ರೂಢಿಯಾಗಿತ್ತು.

ನಾನು ಹೇಳಬಹುದಿತ್ತು. ನಾಳೆ ಹೇಳೋಣ ಎಂದುಕೊಂಡೆ. ಆಮೇಲೆ, ಇಷ್ಟು ದಿನವಾದ ಮೇಲೆ ಹೇಳಿದರೆ ಏನೆಂದುಕೊಂಡಾರು ಎಂದು ಹಿಂಜರಿದೆ. ಆಮೇಲೆ ಹೆಂಗಸರ ಮುನಿಸು ತಾನಾಗಿ ಸರಿಹೋಗುತ್ತದೆ ಎಂದು ದೊಡ್ಡಮನುಷ್ಯನ ಹಾಗೆ ಸಮಾಧಾನ ಹೇಳಿಕೊಂಡೆ. ಹೇಡಿತನಕ್ಕೆ ನಾನು ಹುಡುಕಿದಷ್ಟು ಒಳ್ಳೆಯ ಹೆಸರುಗಳನ್ನು ಯಾರೂ ಹುಡುಕಿರಲಾರರು.

ಆಯುಧಪೂಜೆ ಬಂತು. ನಮ್ಮಲ್ಲಿ ಎರಡೂ ಮನೆಯ ಸಾಮಾನು ಚಿಕ್ಕಮ್ಮನ ಅಂಗಳದಲ್ಲೇ ಸೇರುತ್ತದೆ, ಅವರೇ ಕುಂಕುಮ ಇಡುತ್ತಾರೆ. ಇಡುವಾಗ ಪ್ರತಿ ಸಾಮಾನೂ ವರ್ಷದಲ್ಲಿ ಏನು ಮಾಡಿತೆಂದು ಹೇಳಿಯೇ ಇಡುವುದು ಅವರ ಪದ್ಧತಿ. ಸುಮಾ ನನ್ನ ಬೈಕು ತೊಳೆದು ನಿಲ್ಲಿಸಿದಳು. ಬೀರುವಿನಲ್ಲಿದ್ದ ಪಿಸ್ತೂಲನ್ನೂ, ಆಯುಧ ಅಂದರೆ ಇದೇ ತಾನೆ ಎಂದು ತಮಾಷೆಗೆ ತಂದು ಸಾಲಿನ ಕೊನೆಯಲ್ಲಿಟ್ಟಳು. ಅವಳಿಗೂ ನಾನು ಏನನ್ನೂ ಹೇಳಿರಲಿಲ್ಲ.

"ಈ ಕುಡ್ಲು ಹುಲ್ಲು ಕೊಯ್ತು" ಎಂದು ಚಿಕ್ಕಮ್ಮ ಕುಂಕುಮ ಇಟ್ಟರು. "ಈ ಗುದ್ಲಿ ಬದು ಕಟ್ತು. ಈ ಗಾಡಿ ನಮ್ ಹುಡುಗನ್ನ ಸುಸೂತ್ರವಾಗಿ ಕರ್ಕೊಂಡೋಗಿ ಕರ್ಕೊಂಡ್ಬಂತು." ಹಾಲಿನ ಕ್ಯಾನಿನ ಮುಂದೆ ಸ್ವಲ್ಪ ತಡೆದರು. "ಇದು ಹಾಲು ಹೊತ್ಕೊಂತು. ಒಂದೇ ಹೋಗಿ ಒಂದೇ ಬಂತು." ಆಮೇಲೆ ಪಿಸ್ತೂಲಿನ ಹತ್ತಿರ ಬಂದು ಬೆರಳಿನಲ್ಲಿ ಕುಂಕುಮ ಹಿಡಿದುಕೊಂಡೇ ನನ್ನ ಮುಖ ನೋಡಿದರು. "ಇದೇನ್ಲಾ ಇದು? ಇದೇನ್ ಕೆಲ್ಸ ಮಾಡ್ತು?"

"ಗೌರಿಗೆ ಹೊಡೀತು ಚಿಕ್ಕಮ್ಮ" ಎಂದೆ.

ಅವರಿಗೆ ಮೊದಲು ಅರ್ಥವಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಚಿಕ್ಕಮ್ಮ ಬೈಯಲಿಲ್ಲ. ಬೆರಳಿನ ಕುಂಕುಮವನ್ನು ತಟ್ಟೆಗೆ ಒರೆಸಿ, ಅಲ್ಲೇ ಕೂತುಬಿಟ್ಟರು. "ಎರಡು ತಿಂಗ್ಳು ಕಣೋ" ಎಂದರು. "ಎರಡು ತಿಂಗ್ಳು ಅವಳ ಮುಖ ನೋಡ್ಲಿಲ್ಲ ನಾನು. ಈಗ ಯಾವ ಮುಖ ಇಟ್ಕೊಂಡ್ ಹೋಗ್ಲಿ?" ನನ್ನ ನಾಚಿಕೆಯನ್ನು ಇಳಿಸಲು ಹೋಗಿ ಅವರ ತಲೆಗೆ ಕಟ್ಟಿದ್ದೆ. ಸೆರಗು ಕೊಡವಿ ಎದ್ದರು. "ನಡಿ. ನೀನೇ ಹೇಳ್ಬೇಕು."

ರತ್ನಮ್ಮನ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಹೇಳಿದೆ. ಅವರು ಬಾಗಿಲು ಹಾಕಿಕೊಂಡರೂ ಸರಿ, ಕ್ಯಾಕರಿಸಿ ಉಗಿದರೂ ಸರಿ ಎಂದುಕೊಂಡು ಹೋಗಿದ್ದೆ. ಅವರು ಕಂಬ ಹಿಡಿದು ನಿಂತರು. "ಹಂಗಾರೆ ನನ್ ಕಣ್ಣಲ್ಲವಾ?" ಎಂದರು. ಇನ್ನೊಂದು ಸಲ ಕೇಳಿದರು. "ನಿಜವಾಗ್ಲೂ ಅಲ್ವಾ?" ಆಮೇಲೆ ಸೆರಗನ್ನು ಬಾಯಿಗೆ ಹಿಡಿದು ಅಳತೊಡಗಿದರು. "ಅಕ್ಕನೇ ಅಂದ್ಮೇಲೆ ನಿಜ್ವೇ ಇರ್ಬೇಕು ಅಂದ್ಕೊಂಡೆ. ಸಮೇತನಹಳ್ಳೀಲಿ ಗಂಡನ ಮನೇಲೇ ಮಗಳು ಹೆತ್ತಳಲ್ಲ, ಮಗೂನ ನಾನಿನ್ನೂ ಎತ್ಕೊಂಡಿಲ್ಲ ಕಣಪ್ಪ. ನಾಮಕರಣದಲ್ಲಿ ಹಿಂದೆ ಕೂತಿದ್ದು ಬಂದ್ಬಿಟ್ಟೆ. ನನ್ ಕಣ್ಣು ತಾಗ್ಬಿಟ್ರೆ ಅಂತ."

ಚಿಕ್ಕಮ್ಮ ಮುಂದೆ ಹೋಗಿ ಅವರ ಎರಡೂ ಕೈ ಹಿಡಿದುಕೊಂಡರು. ಇಬ್ಬರೂ ಅಳುತ್ತಿದ್ದರು. ನಾನು ಅಲ್ಲಿ ನಿಲ್ಲಲೂ ಆಗದೆ ಹೋಗಲೂ ಆಗದೆ ಚಪ್ಪಲಿ ನೋಡುತ್ತ ನಿಂತಿದ್ದೆ.

ಮಾರನೆಯ ದಿನದಿಂದ ಕ್ಯಾನುಗಳು ಜೊತೆಯಾಗಿಯೇ ಡೈರಿಗೆ ಹೋದವು. ಪಿಸ್ತೂಲಿನ ಸ್ಪ್ರಿಂಗ್ ಬಿಚ್ಚಿಸಿ ಎಸೆದೆ. ಉಳಿದದ್ದು ಅಟ್ಟದ ಮೇಲೆ ಎಲ್ಲೋ ಇದೆ. ಕತೆ ಇಲ್ಲಿಗೆ ಮುಗಿಯಿತು, ಎಲ್ಲ ಸರಿಹೋಯಿತು ಎಂದು ಎರಡು ವರ್ಷದಿಂದ ನಂಬಿಕೊಂಡಿದ್ದೆ.

ಇವತ್ತು ಕೀಲಿಗೆ ಎಣ್ಣೆ ಬಿಟ್ಟು ಬಾಗಿಲನ್ನು ಹಿಂದೆ ಮುಂದೆ ಆಡಿಸಿ ನೋಡುತ್ತಿದ್ದಾಗ ರತ್ನಮ್ಮ ಪಾತ್ರೆ ಹಿಡಿದು ಗಿಣ್ಣುಹಾಲಿಗೆ ಬಂದರು. ಕೊಟ್ಟಿಗೆಗೆ ಬೆನ್ನು ಮಾಡಿ, ಬೀದಿ ಕಡೆ ನೋಡುತ್ತ ನಿಂತರು.

"ಒಳಗೆ ಬನ್ನಿ ರತ್ನಕ್ಕ, ಕರು ನೋಡಿ."

"ಬ್ಯಾಡ ಬಿಡಪ್ಪ. ಹಸೀ ಕರು. ಇಲ್ಲೇ ನಿಂತಿರ್ತೀನಿ."

ಚಿಕ್ಕಮ್ಮ ಒಳಗಿನಿಂದ "ಬಾರೆ ರತ್ನ, ನೀನು ನೋಡ್ದಲೇ ಇದಕ್ಕೆ ಹೆಸ್ರಿಡಲ್ಲ ನಾನು" ಎಂದು ಕೂಗಿದರು. ರತ್ನಮ್ಮ ತಿರುಗಿ, ಹೊಸ್ತಿಲಾಚೆಯಿಂದಲೇ ಒಂದು ಕ್ಷಣ ನೋಡಿ ಕಣ್ಣು ಕೆಳಗೆ ಹಾಕಿದರು. "ಏನ್ ಕರು ಅಕ್ಕ ಇದು, ಕಾಲೇ ಸೊಟ್ಟ" ಎಂದರು.

ಕರುವಿನ ಕಾಲುಗಳು ನೇರವಾಗಿದ್ದವು. ಹಣೆಯ ಮೇಲೆ ಬಿಳಿ ಬೊಟ್ಟಿನ, ಎಂಥವರೂ ಒಂದು ಸಲ ಮುಟ್ಟೋಣ ಎನ್ನುವಂಥ ಕರು. ಚೆನ್ನಾಗಿದೆ ಎನ್ನಲು ಆ ಹೆಂಗಸಿಗೆ ಇನ್ನೂ ಭಯ. ಆ ಭಯವನ್ನು ಹುಟ್ಟಿಸಿದವನು ನಾನು.

"ಸೊಟ್ಟ ಇಲ್ಲ ರತ್ನಕ್ಕ. ಇನ್ನೊಂದು ಸಲ ನೋಡಿ" ಎಂದೆ.

ಅವರು ಕಣ್ಣೆತ್ತಲಿಲ್ಲ. ನಾನು ಬಾಗಿಲನ್ನು ಪೂರ್ತಿ ತೆರೆದು ಹಿಡಿದೆ. ಅದೀಗ ಸದ್ದು ಮಾಡುತ್ತಿರಲಿಲ್ಲ. ಕೈ ನೋಯತೊಡಗಿದರೂ ಬಿಡದೆ, ಅವರು ನೋಡಲೆಂದು ಹಾಗೇ ಹಿಡಿದು ನಿಂತಿದ್ದೆ.